ಒಂದು ದಿನದ ಜ್ವರಕ್ಕೆ ವೈಡಾಲ್ ಕೇಳಿದರೆ?

ಪ್ರಶ್ನೆ: ಹಳ್ಳಿ ಆಸ್ಪತ್ರೆಗೆ ಹೊಸದಾಗಿ ಬಂದಿರುವ ಡಾಕ್ಟರ್ ನಾನು. ಜ್ವರ ಬಂದ ಮರುದಿನವೇ ‘ಟೈಫಾಯಿಡ್ ಟೆಸ್ಟ್ ಬರ್ಕೊಡಿ’ ಎಂದು ಪಟ್ಟು ಹಿಡಿಯುತ್ತಾರೆ. ಬೇಡವೆಂದರೆ ಎದ್ದು ಬೇರೆ ಕಡೆ ಹೋಗುತ್ತಾರೆ. ಏನು ಮಾಡಲಿ?

ಉತ್ತರ: ನಾನೂ ಎಷ್ಟೋ ಸಲ ಬರೆದುಕೊಟ್ಟವನೇ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ವಾದಕ್ಕಿಂತ ಚೀಟಿ ಬೇಗ ಮುಗಿಯುತ್ತದೆ. ಪೇಚಾಟ ಶುರುವಾಗುವುದು ರಿಪೋರ್ಟ್ ಬಂದ ಮೇಲೆ.

ಜನ ಟೈಫಾಯಿಡ್ ಟೆಸ್ಟ್ ಎನ್ನುವುದು ವೈಡಾಲ್ ಅನ್ನು. 1896ರಷ್ಟು ಹಳೆಯ ಈ ರಕ್ತಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳನ್ನು. ಅವು ರಕ್ತದಲ್ಲಿ ಕಾಣಿಸಿಕೊಳ್ಳಲು ಹೆಚ್ಚುಕಮ್ಮಿ ಒಂದು ವಾರ ಬೇಕು. ಎರಡನೇ ದಿನ ನೆಗೆಟಿವ್ ಬಂದರೆ ಟೈಫಾಯಿಡ್ ಇಲ್ಲವೆಂದಲ್ಲ. ಪಾಸಿಟಿವ್ ಬಂದರೆ ಇದೆಯೆಂದೂ ಅಲ್ಲ. ಹಿಂದೆಂದೋ ಸೋಂಕು ತಗುಲಿದ್ದವರಿಗೆ, ಈಗ ಗಟ್ಟಿಮುಟ್ಟಾಗಿದ್ದರೂ, ರಿಪೋರ್ಟಿನಲ್ಲಿ 1:80 (ಸೀರಮ್ ಅನ್ನು 80 ಪಟ್ಟು ತೆಳುವಾಗಿಸಿದರೂ ಪ್ರತಿಕಾಯ ಸಿಕ್ಕಿತು ಎಂದರ್ಥ) ಬರುವುದುಂಟು. ಆ ಒಂದು ಅಂಕಿ ನಂಬಿ ಸುಮ್ಮನೆ ಆಂಟಿಬಯೋಟಿಕ್ ನುಂಗುತ್ತಾರೆ.

ಆದರೆ ಇದನ್ನೆಲ್ಲ ಪಾಠದಂತೆ ಒಪ್ಪಿಸಿದರೆ ಯಾರೂ ಕೇಳುವುದಿಲ್ಲ. ಒಮ್ಮೆ ಒಬ್ಬ ತಾಯಿ ಮಗನನ್ನು ಕರೆತಂದು, ಪ್ಲಾಸ್ಟಿಕ್ ಕವರಿನಿಂದ ಹಳೇ ರಿಪೋರ್ಟ್ ತೆಗೆದು ಮೇಜಿನ ಮೇಲೆ ಹರಡಿದರು. ‘ಟೆಸ್ಟ್ ಇರಲಿ ಅಮ್ಮಾ, ನಿಮಗೆ ಯಾವುದರ ಭಯ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಕ್ಕದ ಮನೆ ಹುಡುಗನ್ನ ಹೀಗೇ ಜ್ವರ ಅಂತ ಬಿಟ್ಟು, ಆಮೇಲೆ ಐಸಿಯುಗೆ ಹಾಕಿದ್ರು ಸಾರ್’ ಎಂದರು. ಅವರಿಗೆ ಬೇಕಿದ್ದದ್ದು ವೈಡಾಲ್ ಅಲ್ಲ. ಹುಡುಗನ ಹೊಟ್ಟೆ ಮುಟ್ಟಿ, ನಾಲಿಗೆ, ಗಂಟಲು ನೋಡಿ, ಕಂಡದ್ದನ್ನು ಒಂದೊಂದಾಗಿ ಬಾಯಿಬಿಟ್ಟು ಹೇಳಿದೆ. ಚೀಟಿಯಲ್ಲಿ ಬರೆದೆ: ಗುರುವಾರವೂ ಜ್ವರ ಇದ್ದರೆ ರಕ್ತಪರೀಕ್ಷೆ, ಸುಸ್ತು, ವಾಂತಿ, ಹೊಟ್ಟೆನೋವು ಹೆಚ್ಚಾದರೆ ರಾತ್ರಿಯಾದರೂ ಬನ್ನಿ. ‘ಬೇಡ’ ಎನ್ನುವುದಕ್ಕಿಂತ ‘ಗುರುವಾರ’ ಎನ್ನುವುದು ಬೇಗ ಒಪ್ಪಿಗೆಯಾಗುತ್ತದೆ.

ಎಲ್ಲ ಟೆಸ್ಟನ್ನೂ ಹೀಗೆ ಮುಂದೂಡಬೇಡಿ ಮತ್ತೆ. ಊರಲ್ಲಿ ಡೆಂಗ್ಯೂ ಇದ್ದರೆ, ಆ ವೈರಸ್ಸಿನ ಪ್ರೋಟೀನನ್ನೇ ರಕ್ತದಲ್ಲಿ ಹುಡುಕುವ ಎನ್‌ಎಸ್‌1 ಫಲ ಕೊಡುವುದು ಮೊದಲ ಐದು ದಿನಗಳಲ್ಲೇ. ಟೈಫಾಯಿಡ್ ಅನುಮಾನ ನಿಜವಾಗಿ ಬಲವಾಗಿದ್ದರೆ, ರಕ್ತದಲ್ಲಿನ ರೋಗಾಣುವನ್ನೇ ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೆ ಕಳಿಸಿ, ಅದೂ ಆಂಟಿಬಯೋಟಿಕ್ ಶುರುಮಾಡುವ ಮೊದಲು.

ಇಷ್ಟಾದರೂ ಕೆಲವರು ನೇರ ಲ್ಯಾಬಿಗೇ ಹೋಗುತ್ತಾರೆ, ಚೀಟಿ ಯಾರೂ ಕೇಳುವುದಿಲ್ಲ. ಅವರ ಮೇಲೆ ರೇಗಬೇಡಿ. ಹೊರಡುವ ಮುಂಚೆ ಇಷ್ಟು ಹೇಳಿ: ‘80 ಅಂತ ಬಂದ್ರೆ ಗಾಬರಿ ಬೇಡ, ಮಾತ್ರೆ ತಗೊಳ್ಳೋ ಮೊದಲು ರಿಪೋರ್ಟ್ ನನಗೆ ತೋರಿಸಿ.’