ವೆಟ್ ಶೇವಿಂಗ್ ಅಂದ್ರೆ ಏನು?

ನೀರು ಹಚ್ಚಿ ಗಡ್ಡ ಬೋಳಿಸಿಕೊಂಡರೆ ಅದೆಲ್ಲ ವೆಟ್ ಶೇವಿಂಗೇ. ಆದರೆ ಈಗ ಈ ಹೆಸರು ಹೇಳುವವರ ಮನಸ್ಸಿನಲ್ಲಿರುವುದು ಹಳೇ ಪದ್ಧತಿ: ಎರಡೂ ಅಂಚು ಹರಿತವಿರುವ ಬ್ಲೇಡು ಹಾಕುವ ಸೇಫ್ಟಿ ರೇಜರ್, ಒಂದು ಬ್ರಶ್ಶು, ಸೋಪು ಅಥವಾ ಕ್ರೀಮು. ನಮ್ಮ ಅಪ್ಪ, ತಾತಂದಿರು ಯಾವ ಹೆಸರೂ ಇಡದೆ ದಿನಾ ಮಾಡುತ್ತಿದ್ದ ಕೆಲಸ ಇದು.

ಮಡಚುವ ಕ್ಷೌರದ ಕತ್ತಿಯಲ್ಲಿ ಅಲಗು ಪೂರ್ತಿ ಬಯಲಿಗಿರುತ್ತದೆ. ಸೇಫ್ಟಿ ರೇಜರ್‌ನಲ್ಲಿ ಬ್ಲೇಡು ಎರಡು ತಟ್ಟೆಗಳ ನಡುವೆ ಬಿಗಿಯಾಗಿ ಕೂತು, ಅಂಚು ಮಾತ್ರ ಒಂಚೂರು ಹೊರಗೆ ಇಣುಕುತ್ತದೆ. ಅದರ ಕೆಳಗೆ ಚರ್ಮವನ್ನು ತಡೆಯುವ ಪಟ್ಟಿ. ಅಮೆರಿಕದ ಕಾಂಫೆ ಸಹೋದರರು 1880ರಲ್ಲೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಆ ಬ್ಲೇಡನ್ನು ಆಗಾಗ ಮಸೆಯಬೇಕಿತ್ತು. ಮಸೆಯುವ ಗೋಜೇ ಬೇಡ, ಮೊಂಡಾದರೆ ಬಿಸಾಡಿ ಅಂದವರು ಕಿಂಗ್ ಕ್ಯಾಂಪ್ ಜಿಲೆಟ್. ಅಷ್ಟು ತೆಳ್ಳಗಿನ ಉಕ್ಕಿಗೆ ಹರಿತ ತರುವ ಯಂತ್ರ ರೂಪಿಸಿದ್ದು ಅವರ ಜೊತೆಗಾರ ವಿಲಿಯಂ ನಿಕರ್ಸನ್. 1903ರಲ್ಲಿ ಮಾರಾಟವಾದದ್ದು ಬರೀ 51 ರೇಜರ್. ಮರುವರ್ಷ ಅದು 90,000 ದಾಟಿತು!

ನಮ್ಮ ಸಲೂನ್‌ಗಳಲ್ಲಿ ಇದೇ ಬ್ಲೇಡನ್ನು ಕಾಗದದ ಸಮೇತ ಮಧ್ಯಕ್ಕೆ ಮುರಿದು, ಅರ್ಧವನ್ನು ಕತ್ತಿಯಂಥ ಹಿಡಿಗೆ ಸಿಕ್ಕಿಸುತ್ತಾರಲ್ವಾ? ಅದು ಸೇಫ್ಟಿ ರೇಜರ್ ಅಲ್ಲ. ಅಲ್ಲಿ ತಡೆಪಟ್ಟಿ ಇಲ್ಲ, ಇರುವುದು ಪಳಗಿದ ಕೈ.

ಎರಡು ಬ್ಲೇಡಿನ ಕಾರ್ಟ್ರಿಜ್, ಅಂದರೆ ಬ್ಲೇಡುಗಳ ಸಮೇತ ಇಡೀ ತಲೆಯನ್ನೇ ಬದಲಿಸುವ ರೇಜರ್, 1971ರಲ್ಲಿ ಬಂತು. ಆಮೇಲೆ ಬಂದವುಗಳ ತಲೆ ಕೆನ್ನೆಗೆ ತಕ್ಕಂತೆ ತಾನೇ ಬಾಗತೊಡಗಿತು. ನಮಗೆ ಒತ್ತಿ ಎಳೆಯುವ ಅಭ್ಯಾಸ ಅಂಟಿಕೊಂಡಿತು. ಸೇಫ್ಟಿ ರೇಜರ್‌ಗೆ ಬದಲಾದವರು ಮೊದಲು ಬಿಡಬೇಕಾದದ್ದೇ ಇದನ್ನು. ರೇಜರ್‌ನ ತೂಕವೇ ಸಾಕು, ಕೈ ಸುಮ್ನೆ ದಾರಿ ತೋರಿಸಿದರೆ ಆಯ್ತು. ಬ್ಲೇಡಿಗೆ ಸರಿಯಾದ ಓರೆ ಸಿಗಬೇಕಾದರೆ ಹೀಗೆ ಮಾಡಿ: ರೇಜರ್ ತಲೆಯ ಮೇಲ್ಭಾಗವನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ನಿಧಾನ ಕೆಳಗಿಳಿಸಿ. ಸುಮಾರು 30 ಡಿಗ್ರಿ ಹತ್ತಿರ ಬ್ಲೇಡು ಕೂದಲಿಗೆ ತಾಗಿ ಸಣ್ಣಗೆ ಕರಕರ ಸದ್ದು ಬರುತ್ತದೆ. ಅದೇ ಜಾಗ. ಮೊದಲ ಸಲ ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ. ಕುತ್ತಿಗೆಯಲ್ಲಿ ಆ ದಿಕ್ಕು ಅಡ್ಡಾದಿಡ್ಡಿ ಇರುತ್ತದೆ, ಬೆರಳಾಡಿಸಿ ನೋಡಿಕೊಳ್ಳಿ.

ಇನ್ನು ಬ್ರಶ್ಶು. ನನ್ನ ಪ್ರಕಾರ ಅರ್ಧ ಕೆಲಸ ಇದರದ್ದೇ. ಒಣ ಗಡ್ಡ ಗಡಸು. ಎರಡು ಮೂರು ನಿಮಿಷ ನೀರು ಹೀರಿದರೆ ಮೆತ್ತಗಾಗಿ ಸುಲಭವಾಗಿ ಕತ್ತರಿಸಿಹೋಗುತ್ತದೆ. ಆ ನೀರು ಜಾರಿಹೋಗದಂತೆ ಹಿಡಿದಿಡುವುದು ನೊರೆ. ನೀರು ಕಡಿಮೆಯಾದರೆ ನೊರೆ ಮುಖದ ಮೇಲೇ ಒಣಗುತ್ತದೆ, ಜಾಸ್ತಿಯಾದರೆ ದೊಡ್ಡ ಗುಳ್ಳೆ ಎದ್ದು ಇಳಿದುಹೋಗುತ್ತದೆ. ಹದ ಬಂದಾಗ ಗುಳ್ಳೆಯೇ ಕಾಣದು, ಗಟ್ಟಿ ಮೊಸರಿನ ಹಾಗೆ ಹೊಳೆಯುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಎಷ್ಟು ತಿರುಗಿಸಿದರೂ ನೊರೆ ಏಳಲ್ಲ. ಆಗ ಅರ್ಧ ಲೋಟ ಆರ್‌ಒ ಫಿಲ್ಟರ್ ನೀರು ತಗೊಳ್ಳಿ.

ಬೆಳಗ್ಗೆ ಬಸ್ಸು ಹಿಡಿಯುವ ಆತುರದಲ್ಲಿ ಇದೆಲ್ಲ ಆಗದ ಮಾತು. ಭಾನುವಾರ ಶುರುಮಾಡಿದರೆ ವಾಸಿ. ಗಾಯವಾದರೆ ಪಟಿಕ ಒದ್ದೆ ಮಾಡಿ ಉಜ್ಜಿ, ಉರಿಯುತ್ತದೆ, ಆದರೆ ರಕ್ತ ನಿಲ್ಲುತ್ತದೆ. ಹಳೇ ಬ್ಲೇಡನ್ನು ಮಾತ್ರ ಹಾಗೇ ಕಸಕ್ಕೆ ಹಾಕಬೇಡಿ, ಕಸ ಬೇರೆ ಮಾಡುವವರ ಕೈ ಕೊಯ್ಯುತ್ತದೆ. ಒಂದು ತಗಡಿನ ಡಬ್ಬಿಗೆ ಸೀಳು ಕೊರೆದು ಅದರೊಳಗೆ ಹಾಕುತ್ತಾ ಹೋಗಿ.