ಹಂಚು ಕಾದಿದ್ದು ಕೈಗೆ ಗೊತ್ತಾಗುತ್ತೆ

ದಾವಣಗೆರೆಲಿ ಬೆಣ್ಣೆದೋಸೆ ತಿನ್ನೋಕೆ ಬಂದೋರೆಲ್ಲ ಬೆಣ್ಣೆ ನೋಡ್ತಾರೆ, ನಾನು ನೋಡೋದು ದೋಸೆ ಹಾಕೋ ಅಣ್ಣನ ಕೈ. ಸೌದೆ ಒಲೆ, ಉರಿ ಒಮ್ಮೆ ಏರುತ್ತೆ ಒಮ್ಮೆ ಇಳಿಯುತ್ತೆ. ಹಂಚಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿ, ಚುಂಯ್ ಅನ್ನೋದು ಕೇಳಿಸಿಕೊಂಡು, ಪೊರಕೆಲಿ ಗುಡಿಸಿ ಹಿಟ್ಟು ಹುಯ್ದೇ ಬಿಡ್ತಾರೆ. ಹನಿ ಕೂತಲ್ಲೇ ನಿಧಾನಕ್ಕೆ ಕುದ್ರೆ ಹಂಚು ಇನ್ನೂ ಕಾದಿಲ್ಲ, ಮುತ್ತಿನಂಗೆ ಉಂಡೆಯಾಗಿ ಓಡಾಡಿದ್ರೆ ಜಾಸ್ತಿ ಕಾದಿದೆ. ಹಂಗೆ ಓಡಾಡೋದನ್ನ ಲೈಡನ್‌ಫ್ರಾಸ್ಟ್ ಅನ್ನೋ ಜರ್ಮನಿಯ ಡಾಕ್ಟರ್ ಒಬ್ಬರು ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ನೋಡಿ 1756ರಲ್ಲೇ ಬರೆದಿಟ್ಟರು, ಹನಿಯ ತಳ ಥಟ್ಟಂತ ಆವಿಯಾಗಿ ಆ ಆವಿ ಮೇಲೇ ಹನಿ ತೇಲುತ್ತೆ ಅಂತ ಈಗ ನಮಗೆ ಗೊತ್ತು.

"ಹೆಂಗ್ ಗೊತ್ತಾಗುತ್ತೆ ಅಣ್ಣ?" ಅಂದೆ. "ಕೈಗೆ ಗೊತ್ತಾಗುತ್ತೆ ಸರ." ನಾನು ಬಿಡ್ಲಿಲ್ಲ, ಸೌಟು ಎಷ್ಟು ಒತ್ತುತೀರಿ, ಯಾವ ಕಡೆಯಿಂದ ಸುತ್ತುತೀರಿ, ಹೇಳ್ತಾ ಹಾಕಿ ಅಂದೆ. ಪಾಪ, ಹೇಳ್ತಾ ಹೇಳ್ತಾ ಹಾಕಿದ ಆ ಒಂದು ದೋಸೆ ಒಂದು ಕಡೆ ದಪ್ಪ, ನಡುವೆ ತೂತು.

ಆ ತೂತಿನ ಬಗ್ಗೆ ವಿಜ್ಞಾನಕ್ಕೆ ಚೆನ್ನಾಗೇ ಗೊತ್ತು. ಸಿಯಾನ್ ಬೈಲಾಕ್ ಅನ್ನೋ ಮನಃಶಾಸ್ತ್ರಜ್ಞೆ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಳಗಿದ ಫುಟ್ಬಾಲ್ ಆಟಗಾರರಿಗೆ, ಚೆಂಡು ತಳ್ಳುವಾಗ ಕಾಲಿನ ಯಾವ ಭಾಗ ತಾಗ್ತಿದೆ ಅಂತ ಗಮನಿಸೋಕೆ ಹೇಳಿದ್ರು, ಅವರ ಬಲಗಾಲಿನ ಆಟ ಕೆಟ್ಟಿತು. ಹೊಸಬರಿಗೆ ಅದೇ ಗಮನದಿಂದ ಅನುಕೂಲ ಆಯ್ತು. ಹೊಸ ಕೆಲಸ ಅಂದ್ರೆ ಹಣೆ ಹಿಂದಿರೋ ಮಿದುಳು ತಾಲ್ಲೂಕು ಆಫೀಸಿನ ಫೈಲ್ ಥರ ಒಂದೊಂದು ಹೆಜ್ಜೆಗೂ ಸಹಿ ಹಾಕಬೇಕು. ಸಾವಿರಾರು ಸಲ ಮಾಡಿದ್ಮೇಲೆ ಮಿದುಳಿನ ಆಳದಲ್ಲಿರೋ ಬೇಸಲ್ ಗ್ಯಾಂಗ್ಲಿಯಾ ಅನ್ನೋ ಭಾಗ, ಹಿಂತಲೇಲಿರೋ ಕಿರುಮಿದುಳು ಎಲ್ಲ ಸೇರಿ ಸಹಿ ಇಲ್ಲದೇ ಕೆಲಸ ನಡೆಸ್ತವೆ. ಆಗ ಮತ್ತೆ ತಲೆ ಹಾಕೋದು, ಭದ್ರಾ ನಾಲೆ ಕೆಳಗೆ ಭತ್ತ ನಾಟಿ ಮಾಡೋ ಹೆಂಗಸರ ಪಕ್ಕ ಟೇಪ್ ಹಿಡಕೊಂಡು ನಿಂತಂಗೆ, ಹಳೇ ಲಾರಿ ಡ್ರೈವರ್‌ಗೆ ಕ್ಲಚ್ ಯಾವುದು ಅಂತ ತೋರಿಸಿದಂಗೆ.

ಇಷ್ಟು ಕೇಳಿದ ತಕ್ಷಣ ಜನ "ಹಂಗಾದ್ರೆ ಮೊದಲು ಹೊಳೆದಿದ್ದೇ ಸರಿ" ಅಂತಾರೆ, ಇದೇ ನನಗೆ ತಡೆಯೋಕಾಗದ ಮಾತು. ನಮ್ಮಕ್ಕನ ಮಗಳು ಸಿಇಟಿಗೆ ಓದ್ತಿದಾಳೆ, "ಮಾಮ, ಮೊದಲು ಅನ್ಸಿದ ಉತ್ತರ ಬದಲಾಯಿಸಬಾರದಂತೆ" ಅಂದ್ಲು. ಇಲಿನಾಯ್ ಯೂನಿವರ್ಸಿಟಿಯ 1561 ವಿದ್ಯಾರ್ಥಿಗಳ ಪರೀಕ್ಷೆ ಹಾಳೆಗಳಲ್ಲಿ ಅಳಿಸಿ ಬರೆದ ಗುರುತುಗಳನ್ನೆಲ್ಲ ಜಸ್ಟಿನ್ ಕ್ರೂಗರ್ ಮತ್ತು ಜೊತೆಗಾರರು ಎಣಿಸಿದಾರೆ, 2005ರ ಲೇಖನ ಅದು: ಬದಲಾಯಿಸಿದ್ದರಲ್ಲಿ ಶೇ. 51 ತಪ್ಪಿಂದ ಸರಿಗೆ ಹೋಗಿತ್ತು, ಸರಿಯಿಂದ ತಪ್ಪಿಗೆ ಹೋಗಿದ್ದು ಶೇ. 25 ಅಷ್ಟೇ. ಆದ್ರೆ ಸರಿ ಇದ್ದಿದ್ದನ್ನ ಕೈಯಾರೆ ಕೆಡಿಸಿಕೊಂಡ ಹೊಟ್ಟೆಉರಿ ಇದೆಯಲ್ಲ, ಅದು ವರ್ಷಗಟ್ಟಲೆ ನೆನಪಿರುತ್ತೆ, ಬದಲಾಯಿಸಿ ಗೆದ್ದಿದ್ದು ಸಂಜೆಗೇ ಮರೆತೋಗುತ್ತೆ.

ಹಂಗಾದ್ರೆ ಯಾವ ಅನಿಸಿಕೆ ನಂಬೋದು? ಇಬ್ಬರು ಮನಃಶಾಸ್ತ್ರಜ್ಞರಿದ್ರು: ಡೇನಿಯಲ್ ಕಾನೆಮನ್ ಅನಿಸಿಕೆಗಳನ್ನ ಅನುಮಾನದಿಂದ ನೋಡೋರು, ಗ್ಯಾರಿ ಕ್ಲೈನ್ ಅಗ್ನಿಶಾಮಕದವರ ಜೊತೆ ಓಡಾಡಿ ಅನಿಸಿಕೆ ಮೆಚ್ಚಿಕೊಂಡೋರು, ಎದುರುಬದುರಾಗಿದ್ದ ಇಬ್ಬರೂ ಕೂತು 2009ರಲ್ಲಿ ಒಟ್ಟಿಗೆ ಬರೆದ್ರು. ಕೆಲಸದಲ್ಲಿ ಒಂದು ಕ್ರಮ ಇರಬೇಕು, ಮಾಡಿದ್ದು ಸರಿಯೋ ತಪ್ಪೋ ಅಂತ ಮತ್ತೆ ಮತ್ತೆ ಗೊತ್ತಾಗ್ತಾ ಇರಬೇಕು, ಅಲ್ಲಿ ಮಾತ್ರ ಅನಿಸಿಕೆಗೆ ಬೆಲೆ. ದೋಸೆ ಅಣ್ಣಂಗೆ ಎರಡೆರಡು ನಿಮಿಷಕ್ಕೆ ಉತ್ತರ ಸಿಗುತ್ತೆ, ಅಂಟಿತು ಇಲ್ಲಾ ಎದ್ದು ಬಂತು. ಅದೇ ಅಣ್ಣ ಷೇರ್ ಮಾರ್ಕೆಟ್ ಬಗ್ಗೆ "ನನ್ ಮನಸು ಹೇಳ್ತಿದೆ" ಅಂದ್ರೆ ನಾನು ಕೈ ಹಿಡಿದು ನಿಲ್ಲಿಸ್ತೀನಿ.

ಅಕ್ಕ ಎರಡು ವಾರದಿಂದ ಮಲಗಿಲ್ಲ, ಮಗಳಿಗೆ ಕಂಪ್ಯೂಟರ್ ಸೈನ್ಸಾ, ಅಗ್ರಿನಾ ಅಂತ ಒಂದೇ ಮಾತು ರಾತ್ರಿಯೆಲ್ಲ ಮೆಲುಕು ಹಾಕ್ತಾಳೆ. ಎಮ್ಮೆನಾದ್ರೂ ಮೆಲುಕು ಹಾಕಿ ಕೊನೆಗೆ ನುಂಗುತ್ತೆ, ಇಲ್ಲಿ ನುಂಗೋದೇ ಇಲ್ಲ. ಕೊನೆಗೆ ದೇವಸ್ಥಾನಕ್ಕೆ ಹೋಗಿ ಹೂ ಕೇಳಿದ್ಲು, ಬಲಗಡೆ ಬಿತ್ತು, ಆವತ್ತು ನಿದ್ದೆ ಬಂತು. ನಿದ್ದೆ ಬಂದಿದ್ದಕ್ಕೆ ನನಗೂ ಸಮಾಧಾನ, ಆದ್ರೆ ಹೂ ಬೀಳೋದು ಅದರ ಒದ್ದೆಗೆ, ಭಾರಕ್ಕೆ, ಗಾಳಿಗೆ. ಹುಡುಗಿ ಎರಡು ವರ್ಷ ಬರೆದ ಮಾಕ್ ಟೆಸ್ಟ್ ಹಾಳೆಗಳ ಕಟ್ಟು ಮಂಚದ ಕೆಳಗೇ ಇರುವಾಗ ಅವಳ ಭವಿಷ್ಯವನ್ನ ಹೂವಿಗೆ ಬಿಡೋದು ನೋಡಿದ್ರೆ ನನಗೆ ಸಂಕಟ ಆಗುತ್ತೆ.

ಆ ಕಟ್ಟು ಹೊರಗೆ ತೆಗೆಸಿದೆ. ಈಗ ಟೆಸ್ಟ್ ಬರೆಯುವಾಗ ರಫ್ ಶೀಟಲ್ಲಿ ಪ್ರತಿ ಉತ್ತರದ ಪಕ್ಕ ಖಾತ್ರಿ, ಅನುಮಾನ, ಬದಲಾಯಿಸಿದ್ದು ಅಂತ ಪೆನ್ಸಿಲಲ್ಲಿ ಗುರುತು ಹಾಕ್ತಾಳೆ, ಕೀ ಆನ್ಸರ್ ಬಂದ ದಿನ ಇಬ್ಬರೂ ಕೂತು ತಾಳೆ ನೋಡ್ತೀವಿ. ಕೆಮಿಸ್ಟ್ರಿಲಿ ಅವಳು ಬದಲಾಯಿಸಿದ್ದರಲ್ಲಿ ಸರಿಯಾದವೇ ಜಾಸ್ತಿ. ಬಯಾಲಜಿಲಿ ಖಾತ್ರಿ ಅಂದಿದ್ದು ಖಾತ್ರಿನೇ. ಫಿಸಿಕ್ಸಲ್ಲಿ ಖಾತ್ರಿ ಅಂತ ಹಾಕಿದ ಗುರುತುಗಳ ಪಕ್ಕ ಸಾಲಾಗಿ ಕೆಂಪು ಇಂಟು ಬಿದ್ದಿದ್ದು ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಲು, ಆಮೇಲೆ ಎದ್ದು ಹೋಗಿ ಫಿಸಿಕ್ಸ್ ಪುಸ್ತಕ ತಗೊಂಡು ಬಂದ್ಲು.