ಅವರಿಗೇ ಮನಸ್ಸಾಗುವವರೆಗೂ ನಾನು ಕಾಯಬೇಕಾ?

ಪ್ರಶ್ನೆ: ನನ್ನ ಗಂಡ ಸೇನೆಯಲ್ಲಿದ್ದಾರೆ. ಮೊದಲು ವಾರಕ್ಕೊಮ್ಮೆ ಕುಡಿಯುತ್ತಿದ್ದರು, ಈಗ ಹೆಚ್ಚುಕಡಿಮೆ ದಿನಾ. ಮಾತೆತ್ತಿದರೆ ಸಿಟ್ಟು. ಅವರಿಗೇ ಬಿಡಬೇಕು ಅನ್ನಿಸದ ಹೊರತು ಯಾರೂ ಏನೂ ಮಾಡೋಕೆ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಸುಮ್ನೆ ಕಾಯಬೇಕಾ?

ಬೇಡ. ಕಾಯಬೇಡಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ರ‍್ಯಾಂಕ್ ಬೇರೆ, ಪೋಸ್ಟಿಂಗ್ ಬೇರೆ, ಕೊನೆಯ ಸಾಲು ಮಾತ್ರ ಪ್ರತಿ ಸಲ ಅದೇ. (ಗಂಡ ಅಂತಲೇ ಬರೆಯುತ್ತೇನೆ. ಸೇನೆಯಲ್ಲಿರುವುದು ಹೆಂಡತಿಯಾದರೂ ಮಾತು ಬದಲಾಗುವುದಿಲ್ಲ.)

"ಪಾತಾಳ ಮುಟ್ಟಿದ ಮೇಲೇ ಮೇಲೆ ಬರೋದು" ಅನ್ನುವ ಮಾತಿಗೆ ಇಷ್ಟು ಬಲ ಯಾಕೆ ಗೊತ್ತಾ? ಪಾತಾಳ ಮುಟ್ಟಿ ಎದ್ದು ಬಂದವರು ತಮ್ಮ ಕಥೆ ಹೇಳುತ್ತಾರೆ. ಅಲ್ಲೇ ಉಳಿದವರು ಹೇಳಲು ಬರುವುದಿಲ್ಲ. ಲಿವರ್ ಹಾಳಾಗಿ ಹೋದವರು, ಗಾಡಿ ಗುದ್ದಿಸಿಕೊಂಡವರು, ಅವರ ಕಥೆ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಅರ್ಧ ಲೆಕ್ಕ ನೋಡಿ ಪೂರ್ತಿ ನಿಯಮ ಮಾಡಿಕೊಂಡಿದ್ದೇವೆ.

ಸೇನೆಯ ಮನೆಗಳಲ್ಲಂತೂ ಈ ಪಾತಾಳ ತುಂಬಾ ತಡವಾಗಿ ಕಾಣುತ್ತದೆ. ರಾತ್ರಿ ಎಷ್ಟೇ ಕುಡಿದರೂ ಬೆಳಿಗ್ಗೆ ಬೂಟು ಪಾಲಿಶ್ ಆಗಿರುತ್ತದೆ, ಪರೇಡಿಗೆ ಹೊತ್ತಿಗೆ ಸರಿಯಾಗಿ ನಿಂತಿರುತ್ತಾರೆ. ಅಲ್ಲಿ ಜೊತೆಯವರು ಮುಚ್ಚಿ ಹಾಕುತ್ತಾರೆ, ಇಲ್ಲಿ ನೀವು. ಕೊನೆಗೊಂದು ದಿನ ಬಯಲಾದಾಗ ಅದು ಬರೀ ಕುಡಿತದ ವಿಷಯವಾಗಿ ಉಳಿದಿರುವುದಿಲ್ಲ. ಆಯುಧವೋ, ವಾಹನವೋ, ಶಿಸ್ತು ಕ್ರಮವೋ ಜೊತೆಗೆ ಸೇರಿಕೊಂಡಿರುತ್ತದೆ. ಕಾಯುವುದು ಅಂದರೆ ಇದಕ್ಕೆ ಕಾಯುವುದು.

ಇನ್ನು ಈ 'ಮನಸ್ಸು'. ಅದು ಲೈಟಿನ ಸ್ವಿಚ್ ಅಲ್ಲ, ಒಂದು ದಿನ ಟಕ್ ಅಂತ ಹತ್ತಿಕೊಳ್ಳಲು. ಭಾನುವಾರ ಬೆಳಿಗ್ಗೆ ತಲೆ ಹಿಡಿದುಕೊಂಡು "ಇನ್ನು ಸಾಕು" ಅನ್ನುವವರೂ ಅವರೇ, ಸಂಜೆ ಏಳಕ್ಕೆ ಗ್ಲಾಸು ಹುಡುಕುವವರೂ ಅವರೇ. ಎರಡೂ ಸುಳ್ಳಲ್ಲ. ಬಿಡಬೇಕೆಂಬ ಆಸೆ ಒಳಗೆ ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಹೊರಗಿನ ಮಾತು, ಮನೆಯ ವಾತಾವರಣ ಅದನ್ನು ಏರಿಸಲೂಬಹುದು, ಇಳಿಸಲೂಬಹುದು.

ಇದು ನನ್ನ ಸ್ವಂತ ಅಭಿಪ್ರಾಯ ಅಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ರಾಬರ್ಟ್ ಮೇಯರ್ಸ್ ಮತ್ತು ಜೊತೆಯವರು 'ಕ್ರಾಫ್ಟ್' ಎಂಬ ಪದ್ಧತಿ ರೂಪಿಸಿದರು. ಅದರಲ್ಲಿ ತರಬೇತಿ ಕುಡಿಯುವವರಿಗಲ್ಲ, ಅವರ ಮನೆಯವರಿಗೆ. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆಯೇ ಬೇಡ ಅನ್ನುತ್ತಿದ್ದ ಕುಡುಕರ 130 ಮಂದಿ ಆಪ್ತರನ್ನು ಮೂರು ಗುಂಪು ಮಾಡಿದರು. ಕ್ರಾಫ್ಟ್ ಕಲಿತ ಗುಂಪಿನಲ್ಲಿ ಶೇ. 64ರಷ್ಟು ಜನ ತಮ್ಮವರನ್ನು ಚಿಕಿತ್ಸೆಗೆ ಒಪ್ಪಿಸಿದರು. ಎಲ್ಲರೂ ಸೇರಿ ಎದುರು ಕೂರಿಸಿಕೊಂಡು ನೇರವಾಗಿ ಹೇಳಿಬಿಡುವ ಪದ್ಧತಿಯಲ್ಲಿ ಶೇ. 30. ಅಲ್-ಅನಾನ್ ದಾರಿಯಲ್ಲಿ ಶೇ. 13. ಅಲ್-ಅನಾನ್ ಅನ್ನು ಈ ಅಂಕಿಯಿಂದ ಅಳೆಯಬೇಡಿ. ಮನೆಯವರು ನೆಮ್ಮದಿಯಿಂದಿರಲು ಕಲಿಯುವ ಕೂಟ ಅದು, ಕುಡಿಯುವವರನ್ನು ಎಳೆದು ತರುವುದು ಅದರ ಉದ್ದೇಶವೇ ಅಲ್ಲ. ನೂರಕ್ಕೆ ಅರವತ್ತನಾಲ್ಕು, ಅದೂ "ನನಗೆ ಬೇಡ" ಅಂತಿದ್ದವರಲ್ಲಿ. ಅವರಿಗೇ ಮನಸ್ಸಾಗಬೇಕು ಅನ್ನುವ ಮಹನೀಯರು ಈಗ ಏನು ಹೇಳುತ್ತಾರೋ! ಇದೇ ಪದ್ಧತಿಯನ್ನು ಸೈನಿಕರ ಸಂಗಾತಿಗಳಿಗೆ ಹೊಂದಿಸಿ, ಮನೆಯಲ್ಲೇ ಕುಳಿತು ಕಲಿಯುವ ನಾಲ್ಕು ಪಾಠಗಳ ಆನ್‌ಲೈನ್ ಕಾರ್ಯಕ್ರಮವನ್ನೂ ಅಮೆರಿಕದಲ್ಲಿ ಮಾಡಿದ್ದಾರೆ.

ಹಾಗಾದರೆ ಮಾಡುವುದೇನು? ಮೊದಲು ಎರಡು ವಾರ ಸುಮ್ನೆ ಬರೆದಿಡಿ. ಯಾವ ದಿನ, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು. ರಾತ್ರಿ ಡ್ಯೂಟಿ ಮುಗಿದ ಮಾರನೇ ದಿನವಾ? ಸತ್ತುಹೋದ ಗೆಳೆಯನ ನೆನಪಿನ ದಿನವಾ? ನಿದ್ದೆ ಬರಲೆಂದು ಕುಡಿಯುವವರು ಬಹಳ ಜನ. ಮದ್ಯ ಬೇಗ ಮಲಗಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದ ನಿದ್ದೆ ಕೆಡಿಸುತ್ತದೆ. ಮಾರನೇ ದಿನ ಇನ್ನೂ ಜಾಸ್ತಿ ಬೇಕಾಗುತ್ತದೆ. ನಿಮ್ಮವರದು ಇದೇ ಕಥೆಯಾದರೆ "ಕುಡಿತದ ಡಾಕ್ಟರ್ ಹತ್ತಿರ ಹೋಗೋಣ" ಅನ್ನುವುದಕ್ಕಿಂತ "ನಿದ್ದೆಗೆ ತೋರಿಸೋಣ" ಅನ್ನುವುದು ಸುಲಭ. ಅದು ಮೋಸವಲ್ಲ. ತೊಂದರೆ ನಿಜವಾಗಿಯೂ ಅಲ್ಲಿದೆ.

ಮಾತಾಡುವುದು ಕುಡಿಯದ ಹೊತ್ತಿನಲ್ಲಿ ಮಾತ್ರ. ಡ್ಯೂಟಿಯಿಂದ ಬಂದು ಬಾಗಿಲಲ್ಲಿ ನಿಂತಾಗ ಬೇಡ. "ನೀವು ಯಾವಾಗಲೂ" ಅಂತ ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. "ನಿನ್ನೆ ಪಾಪು ಕಥೆ ಕೇಳೋಕೆ ಕಾದು ಕಾದು ಮಲಗಿದಳು, ನನಗೆ ಬೇಜಾರಾಯ್ತು. ಬುಧವಾರ ನೀವು ಕುಡಿದಿರಲಿಲ್ಲ, ಮನೆ ಎಷ್ಟು ಚೆನ್ನಾಗಿತ್ತು." ಇಷ್ಟೇ ಸಾಕು, ನಿಲ್ಲಿಸಿ. ಬುಧವಾರವನ್ನು ನೆನಪಿಸುವುದು ಮುಖ್ಯ. ಕುಡಿಯದ ದಿನ ನಾವು ಏನೂ ಹೇಳುವುದಿಲ್ಲ, ಕುಡಿದ ದಿನ ಎರಡು ಗಂಟೆ ಹೇಳುತ್ತೇವೆ, ಅಲ್ವಾ?

ಕಷ್ಟದ ಭಾಗ ಇನ್ನೊಂದಿದೆ. ಬೆಳಿಗ್ಗೆ ಐದೂವರೆಗೆ ಯೂನಿಟ್ಟಿಗೆ ಫೋನ್ ಮಾಡಿ "ಅವರಿಗೆ ಜ್ವರ" ಅನ್ನುತ್ತೀರಲ್ಲ, ಆ ಫೋನ್ ನಿಲ್ಲಿಸಬೇಕು. ಅವರೇ ಮಾಡಲಿ. ನಡುಮನೆಯಲ್ಲಿ ಬಿದ್ದ ಬಾಟಲಿ, ಉರುಳಿದ ಕುರ್ಚಿ ಬೆಳಗಿನವರೆಗೆ ಹಾಗೇ ಇರಲಿ. ಆದರೆ ವಾಂತಿ ಮಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಎಬ್ಬಿಸಿದರೂ ಏಳದಿದ್ದರೆ ಆಂಬುಲೆನ್ಸ್ ಕರೆಯಿರಿ. ಕೈ ಎತ್ತುವವರಾದರೆ, ಸಾಯುವ ಮಾತಾಡಿದರೆ, ಮನೆಯಲ್ಲಿ ಬಂದೂಕಿದ್ದರೆ, ಮೇಲಿನ ಪಾಠವೆಲ್ಲ ಪಕ್ಕಕ್ಕಿರಲಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ, ಸಹಾಯ ಕರೆಯಿರಿ.

"ಇವತ್ತೇ ಪೂರ್ತಿ ಬಿಡಿ" ಅಂತ ಆಣೆ ಹಾಕಿಸಲೂಬೇಡಿ. ದಿನಾ ಜಾಸ್ತಿ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ ಶುರುವಾಗಬಹುದು, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಾಣಲು ಶುರುವಾಗಬಹುದು. ಅದು ಪ್ರಾಣಕ್ಕೂ ಅಪಾಯ. ನಿಲ್ಲಿಸುವ ಮುನ್ನ ಡಾಕ್ಟರನ್ನು ಕೇಳಬೇಕು.

ಕೆಲಸ ಹೋಗುವ ಭಯ ಇದ್ದದ್ದೇ. ನಿಯಮ ಒಂದೊಂದು ಸೇನೆಗೆ ಒಂದೊಂದು. ಅಮೆರಿಕದ ಸೇನೆ 2019ರಲ್ಲಿ, ಏನಾದರೂ ಘಟನೆ ಆಗುವ ಮೊದಲೇ ತಾವಾಗಿ ಹೋದವರಿಗೆ ಸಾಮಾನ್ಯವಾಗಿ ಕಮಾಂಡರ್‌ವರೆಗೆ ವಿಷಯ ಹೋಗದೆ ಚಿಕಿತ್ಸೆ ಸಿಗುವಂತೆ ಮಾಡಿತು. ನಿಮ್ಮಲ್ಲಿ ಹೇಗೆ ಅಂತ ಈಗಲೇ ವಿಚಾರಿಸಿಡಿ. ಅವರು "ಸರಿ" ಅಂದ ದಿನ ಹುಡುಕಲು ಕೂತರೆ ಆ "ಸರಿ" ಸಂಜೆಯವರೆಗೆ ಉಳಿಯುವುದಿಲ್ಲ.

ಈಗ ಯಾರೂ ನೇರವಾಗಿ ಕೇಳದ, ಆದರೆ ಪ್ರಶ್ನೆಯ ಹಿಂದೆ ಅಡಗಿ ನಿಂತಿರುವ ಇನ್ನೊಂದು ವಿಷಯ. "ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಮಾತ್ರೆ." ಅದರ ಹೆಸರು ಬಹುಪಾಲು ಡೈಸಲ್ಫಿರಾಮ್. 1940ರ ದಶಕದಲ್ಲಿ ಡೆನ್ಮಾರ್ಕಿನವರು ಇದರ ಈ ಗುಣ ಕಂಡುಕೊಂಡರು. ಮದ್ಯ ದೇಹದಲ್ಲಿ ಒಡೆಯುವ ಹಾದಿಯನ್ನು ಅದು ನಡುವೆ ತಡೆಯುತ್ತದೆ. ಅಸಿಟಾಲ್ಡಿಹೈಡ್ ಎಂಬ ವಿಷ ಸೇರಿಕೊಂಡು ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿ, ರಕ್ತದೊತ್ತಡ ಕುಸಿತ. ಕೆಲವೊಮ್ಮೆ ಸಾವು. ಕುಡಿದರೆ ಹೀಗಾಗುತ್ತದೆ ಎಂದು ತಿಳಿದವರು ಕುಡಿಯದಿರಲಿ ಎಂದೇ ಕೊಡುವ ಮಾತ್ರೆ ಅದು. ತಿಳಿಯದವರಿಗೆ ಕೊಟ್ಟರೆ ಅದು ಔಷಧವಲ್ಲ, ಬಲೆ. ಇದರ ಪರಿಣಾಮ ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಉಳಿಯಬಹುದು. ಅಷ್ಟರಲ್ಲಿ ರಜೆ ಮುಗಿದಿರುತ್ತದೆ. ಎಲ್ಲೋ ದೂರದ ಶಿಬಿರದಲ್ಲಿ ಗೆಳೆಯರ ಜೊತೆ ಒಂದು ಗ್ಲಾಸು ಎತ್ತುತ್ತಾರೆ, ಕುಸಿಯುತ್ತಾರೆ. ಅಲ್ಲಿನ ಡಾಕ್ಟರಿಗೆ ಒಳಗೇನಿದೆ ಅಂತ ಹೇಗೆ ಗೊತ್ತಾಗಬೇಕು?

ಈಗಾಗಲೇ ಬೆರೆಸಿದ್ದರೆ ಇವತ್ತೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಗಂಡನಿಗೂ ಹೇಳಿ, ಎರಡು ವಾರ ಒಂದು ಹನಿಯೂ ಮುಟ್ಟಬಾರದು ಎಂದು. ಬೈಯುತ್ತಾರೆ. ಬೈಯಲಿ ಬಿಡಿ.